ತಾಮ್ರಪರ್ಣಿಯ ಪತಂಗ



ಪಡುವಣ ಕಡಲಿನ ತೀರದಲ್ಲಿ ಬ್ರಹ್ಮಾವರದಿಂದ ಹೊರಟು ಕುಂದಾಪುರವನ್ನು ಹಾದು ಬೈಂದೂರಿನವರೆಗೆ ಬಡಗಲಾಗಿ ಚಾಚಿಕೊಂಡಿರುವ ನಾಡು ಅಗಲದಲ್ಲಿ ಬಹಳ ಕಿರಿದು. ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸಹ್ಯಾದ್ರಿಯ ಗೋಡೆ. ನಡುವೆ ಗದ್ದೆಗಳು, ತೆಂಗಿನ ತೋಟಗಳು, ಹೊಳೆಗಳ ಅಳಿವೆಗಳು. ಕೊಲ್ಲೂರಿನ ಕಡೆಗೆ ಕೆಲವು ಹರದಾರಿ ನಡೆದರೆ ಕೊಡಚಾದ್ರಿಯ ಬುಡದ ದಟ್ಟಡವಿಯು ಎದುರಾಗುವುದು. ಈ ನಾಡಿನ ಒಂದು ಪತಂಗದ ಹೆಸರಿನ ಇತಿಹಾಸವನ್ನು ನಾವು ಈ ಹೊತ್ತು ಹೇಳಬೇಕೆಂದಿದ್ದೇವೆ. ರಾಜರಿಗೆ ಇತಿಹಾಸವುಂಟು, ಊರಿಗೆ ಉಂಟು, ದೇವಾಲಯಕ್ಕೆ ಉಂಟು. ಹುಳುವಿಗೆ ಎಲ್ಲಿಯ ಇತಿಹಾಸವೆಂದು ಕೆಲವರಿಗೆ ನಗು ಬಂದೀತು. ಬರಲಿ. ಈ ಒಂದು ಹುಳುವಿನ ಹೆಸರಿನೊಳಗೆ ಸ್ವೀಡನ್ ದೇಶದ ಒಬ್ಬ ವೈದ್ಯ, ಲಂಡನ್ನಿನ ಒಂದು ವಸ್ತುಸಂಗ್ರಹಾಲಯ, ಸಿಂಹಳದ ಇಬ್ಬರು ಚಿತ್ರಕಾರ ಸಹೋದರರು ಸೇರಿಕೊಂಡಿದ್ದಾರೆ. ಅದರ ಕಥೆಯನ್ನು ಹೇಳಹೊರಟರೆ 1862ನೆಯ ಇಸವಿಯ ಒಂದು ಸರಕಾರಿ ಗಡಿಯೂ ಅಡ್ಡ ಬರುವುದು.

ಮೊದಲು ಹುಳುವನ್ನು ಪರಿಚಯ ಮಾಡಿಕೊಳ್ಳೋಣ. ಮಳೆಗಾಲದ ರಾತ್ರಿಗಳಲ್ಲಿ ದೀಪದ ಬೆಳಕಿಗೆ ಬಂದು, ಬೆಳಗಾದ ಮೇಲೆಯೂ ಗೋಡೆಗೋ ತೆಂಗಿನ ಬೊಡ್ಡೆಗೋ ಅಂಟಿಕೊಂಡು ಕುಳಿತಿರುವ, ಅಂಗೈಯನ್ನು ಮೀರಿದ ಗಾತ್ರದ ಪತಂಗವಿದು. ರೆಕ್ಕೆಯನ್ನು ಹರಡಿದಾಗ ತುದಿಯಿಂದ ತುದಿಗೆ ಸುಮಾರು ಒಂದು ಗೇಣು, ದೊಡ್ಡದಾದರೆ ಅದಕ್ಕಿಂತಲೂ ಹೆಚ್ಚು. ಮೈಬಣ್ಣ ಸುಟ್ಟ ಇಟ್ಟಿಗೆಯ ಕೆಂಪು. ಅದರ ಮೇಲೆ ಬಿಳಿ, ಕಪ್ಪು, ನಸುಗೆಂಪಿನ ಗೆರೆಗಳು ಅಲೆಯಲೆಯಾಗಿ ಹಾಯ್ದಿವೆ. ಅಂಚಿನಲ್ಲಿ ಹಳದಿಯ ಕರೆ. ನಾಲ್ಕು ರೆಕ್ಕೆಗಳಲ್ಲಿಯೂ ಒಂದೊಂದು ಮುಕ್ಕೋನದ ಕಿಟಕಿಯಿದೆ. ಆ ಸ್ಥಳದಲ್ಲಿ ರೆಕ್ಕೆಯ ಧೂಳು, ಎಂದರೆ ಬಣ್ಣ ಕೊಡುವ ಸೂಕ್ಷ್ಮವಾದ ಹುರುಪೆಗಳು, ಇಲ್ಲವಾದುದರಿಂದ ಅಭ್ರಕದ ಹಾಳೆಯಂತೆ ಆಚೆಯದು ಈಚೆಗೆ ಕಾಣುವುದು. ಮುಂದಿನ ರೆಕ್ಕೆಯ ತುದಿಯು ಕೊಕ್ಕೆಯಂತೆ ಬಾಗಿ, ಅದರ ಮೇಲೊಂದು ಕಪ್ಪು ಚುಕ್ಕೆಯಿರುವುದರಿಂದ ಹಾವಿನ ತಲೆಯನ್ನು ನೋಡಿದಂತಾಗುವುದು. ಚೀಣದ ಕ್ಯಾಂಟನ್ ಪ್ರಾಂತದವರು ಇದರ ಹತ್ತಿರದ ಬಂಧುವನ್ನು ‘ಹಾವಿನ ತಲೆಯ ಪತಂಗ’ ಎಂದೇ ಕರೆಯುತ್ತಾರೆ.

ಇದಕ್ಕೆ ಬಾಯಿಯಿದ್ದೂ ಇಲ್ಲ. ಬೆಳೆದ ಪತಂಗವು ಏನನ್ನೂ ತಿನ್ನಲಾರದು, ಕುಡಿಯಲಾರದು. ಹುಳುವಾಗಿದ್ದಾಗ ಎಲೆ ಮೇಯ್ದು ಕೂಡಿಟ್ಟ ಕೊಬ್ಬಿನ ಬಲದಿಂದ ಒಂದೆರಡು ವಾರ ಬದುಕಿ, ಕೂಡಿ, ಮೊಟ್ಟೆಯಿಟ್ಟು ತೀರಿಹೋಗುವುದು. ಗಂಡಿನ ಮೀಸೆಗಳು ಹಕ್ಕಿಯ ಗರಿಯಂತೆ ಎರಡು ಕಡೆಗೂ ಕವಲೊಡೆದಿರುವುವು. ಹೆಣ್ಣು ಕುಳಿತಲ್ಲಿಯೇ ಕುಳಿತು ಗಾಳಿಗೆ ಬಿಡುವ ಗಂಧವನ್ನು ಆ ಮೀಸೆಗಳಿಂದ ಬಹುದೂರದಿಂದಲೇ ಹಿಡಿದು ಗಂಡು ಹಾರಿಬರುವುದು. ದೊಡ್ಡ ರೆಕ್ಕೆಯಿದ್ದರೂ ಇದು ಒಳ್ಳೆಯ ಹಾರಾಟಗಾರನಲ್ಲ. ಇರುವ ಶಕ್ತಿಯನ್ನು ಜಿಪುಣನಂತೆ ಖರ್ಚು ಮಾಡಬೇಕಾದ ಪ್ರಾಣಿಗೆ ಬೀದಿಯ ದೀಪದ ಸುತ್ತ ರಾತ್ರಿಯಿಡೀ ಗಿರಿಕಿ ಹೊಡೆಯುವುದು ಎಷ್ಟು ದುಬಾರಿಯೆಂಬುದನ್ನು ಕೇಳುಗರೇ ಊಹಿಸಿಕೊಳ್ಳಬಹುದು.

ಮೈಸೂರಿನವರಿಗೆ ಈ ಪತಂಗ ಅಷ್ಟೇನೂ ಪರಕೀಯವಲ್ಲ. ಟಿಪ್ಪು ಸುಲ್ತಾನನ ಕಾಲದಿಂದ ನಮ್ಮ ಸೀಮೆಯಲ್ಲಿ ನೆಲೆಯೂರಿದ, 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ನೆಯ್ಗೆಯ ಕಾರ್ಖಾನೆಯನ್ನು ಪಡೆದ ರೇಷ್ಮೆಯ ಹುಳುವಿಗೆ ಇದು ದೂರದ ನಂಟು. ಹಿಪ್ಪುನೇರಳೆಯ ಹುಳು ಬಾಂಬಿಕ್ಸ್ ಮೋರಿ. ಅದರ ಕುಟುಂಬ ಬೇರೆ. ಕಾಡಿನ ಟಸ್ಸಾರ್ ರೇಷ್ಮೆಯನ್ನು ಕೊಡುವ ಪತಂಗಗಳು ಸೇರಿರುವ ಸ್ಯಾಟರ್ನಿಯಿಡೀ ಎಂಬ ಕುಟುಂಬಕ್ಕೆ ನಮ್ಮ ಕರಾವಳಿಯ ಪತಂಗವು ಸೇರುವುದು. ಇದೂ ಗೂಡು ಕಟ್ಟುತ್ತದೆ. ಆದರೆ ಪತಂಗವು ಹೊರಬರುವುದಕ್ಕಾಗಿ ಗೂಡಿನ ಒಂದು ತುದಿಯನ್ನು ತೆರೆದೇ ಬಿಟ್ಟಿರುವುದರಿಂದ ನೂಲು ಉದ್ದಕ್ಕೆ ಅಖಂಡವಾಗಿ ಬಿಚ್ಚಿಕೊಳ್ಳದು. ಹತ್ತಿಯಂತೆ ಹಿಂಜಿ ನೂಲಬೇಕು. ತೈವಾನ್ ದ್ವೀಪದಲ್ಲಿ ಇಂಥ ಗೂಡುಗಳನ್ನು ಹಣದ ಸಣ್ಣ ಚೀಲವಾಗಿ ಉಪಯೋಗಿಸುವುದುಂಟು.

ಇನ್ನು ಹೆಸರಿಗೆ ಬರೋಣ. ಕನ್ನಡದಲ್ಲಿ ‘ಹಾತೆ’ ಎಂಬ ಹಳೆಯ ಮಾತಿದೆ. ‘ಪತಂಗ’ ಸಂಸ್ಕೃತದಿಂದ ಬಂದುದು. ದೀಪಕ್ಕೆ ಎರಗಿ ಸುಟ್ಟುಹೋಗುವ ಪತಂಗವು ನಮ್ಮ ಕಾವ್ಯಗಳಲ್ಲಿ ಮೋಹಕ್ಕೆ ಉಪಮಾನವಾಗಿ ಸವೆದುಹೋಗಿದೆ. ಕವಿಗೆ ಬೇಕಾದುದು ಉಪಮಾನ. ಯಾವ ಪತಂಗ, ಯಾವ ಬಣ್ಣದ್ದು, ಯಾವ ಎಲೆಯನ್ನು ತಿಂದು ಬೆಳೆದುದು ಎಂಬ ವಿಚಾರ ಆತನಿಗೆ ಬೇಕಿರಲಿಲ್ಲ. ಒಂದೊಂದಕ್ಕೂ ಪ್ರತ್ಯೇಕವಾದ ಹೆಸರಿಟ್ಟು, ಆ ಹೆಸರು ಎಲ್ಲ ದೇಶಗಳಲ್ಲಿಯೂ ಒಂದೇ ಆಗಿರುವಂತೆ ಮಾಡುವ ಕೆಲಸಕ್ಕೆ ಕೈಹಾಕಿದವನು ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್. ಆತನ ‘ಪ್ರಕೃತಿಯ ವ್ಯವಸ್ಥೆ’ ಎಂಬ ಗ್ರಂಥದ ಹತ್ತನೆಯ ಆವೃತ್ತಿಯು 1758ರಲ್ಲಿ ಹೊರಬಂದಿತು. ಪ್ರಾಣಿಗಳ ಹೆಸರುಗಳ ಮಟ್ಟಿಗೆ ಶಾಸ್ತ್ರವು ಅಲ್ಲಿಂದಲೇ ಆರಂಭವೆಂದು ಪ್ರಾಣಿಶಾಸ್ತ್ರಜ್ಞರು ಒಪ್ಪಿಕೊಂಡಿದ್ದಾರೆ. ಅದಕ್ಕೆ ಹಿಂದಿನ ಹೆಸರುಗಳಿಗೆ ಮಾನ್ಯತೆಯಿಲ್ಲ.

ಲಿನ್ನೇಯಸನು ಚಿಟ್ಟೆ ಪತಂಗಗಳನ್ನೆಲ್ಲ ಮೂರೇ ಗುಂಪುಗಳಲ್ಲಿ ತುಂಬಿದನು. ಹಗಲು ಹಾರುವುವು ಪಾಪಿಲಿಯೋ, ಮುಸ್ಸಂಜೆಯಲ್ಲಿ ಹೂವಿನ ಮುಂದೆ ನಿಂತಲ್ಲೇ ರೆಕ್ಕೆ ಬಡಿಯುವುವು ಸ್ಫಿಂಕ್ಸ್, ಉಳಿದ ರಾತ್ರಿಯ ಸಮಸ್ತವೂ ಫಲೀನಾ. ಮೂರು ಪೆಟ್ಟಿಗೆಗಳಲ್ಲಿ ಒಂದು ಲೋಕವನ್ನೇ ಇಡುವ ಧೈರ್ಯ ಅಂದಿನವರಿಗಿತ್ತು. ಈ ಮೂರನೆಯ ಪೆಟ್ಟಿಗೆಯಲ್ಲಿಯೇ, ಏಷ್ಯಖಂಡದಿಂದ ಯೂರೋಪಿಗೆ ಹೋಗಿದ್ದ ಒಂದು ಮಹಾಪತಂಗಕ್ಕೆ ‘ಅಟ್ಲಾಸ್’ ಎಂಬ ಹೆಸರು ಬಿದ್ದಿತು. ಗ್ರೀಕರ ಪುರಾಣದಲ್ಲಿ ಆಕಾಶವನ್ನು ಹೆಗಲ ಮೇಲೆ ಹೊತ್ತ ದೈತ್ಯನು ಅಟ್ಲಾಸ್. ಗಾತ್ರಕ್ಕೆ ತಕ್ಕ ಹೆಸರು. ರೆಕ್ಕೆಯ ಮೇಲಿನ ಗೆರೆಗಳು ಭೂಪಟದಂತಿರುವುದರಿಂದ ಈ ಹೆಸರೆಂದು ಹೇಳುವವರೂ ಉಂಟು. 1767ರ ಹನ್ನೆರಡನೆಯ ಆವೃತ್ತಿಯಲ್ಲಿ ‘ಅಟ್ಟಾಕಸ್’ ಎಂಬ ಗುಂಪಿನ ಹೆಸರು ಕಾಣಿಸಿಕೊಂಡಿತು. ಬೈಬಲಿನ ಲ್ಯಾಟಿನ್ ಅನುವಾದದಲ್ಲಿ ತಿನ್ನಬಹುದಾದ ಒಂದು ಬಗೆಯ ಮಿಡತೆಗೆ ಇದೇ ಶಬ್ದವಿದೆ. ಮಿಡತೆಯ ಹೆಸರು ಪತಂಗಕ್ಕೆ ಬಂದಿತು. ಶಾಸ್ತ್ರಕ್ಕೆ ಅದರಿಂದ ಬಾಧಕವೇನೂ ಇಲ್ಲ. ಹೆಸರಿನ ಅರ್ಥವನ್ನು ಶಾಸ್ತ್ರವು ಕೇಳುವುದಿಲ್ಲ, ಮೊದಲು ಇಟ್ಟವರಾರೆಂಬುದನ್ನಷ್ಟೇ ಕೇಳುತ್ತದೆ.

ಇಲ್ಲಿ ಒಂದು ಮಾತನ್ನು ನಡುವೆ ಸೇರಿಸುತ್ತೇವೆ. ಕರಾವಳಿಯಲ್ಲಿಯೋ ಮಲೆನಾಡಿನಲ್ಲಿಯೋ ಈ ಪತಂಗ ಕಾಣಿಸಿಕೊಂಡಾಗ ‘ಪ್ರಪಂಚದ ಅತ್ಯಂತ ದೊಡ್ಡ ಪತಂಗ ಪತ್ತೆ’ ಎಂದು ವೃತ್ತಪತ್ರಿಕೆಗಳು ಚಿತ್ರಸಹಿತ ಪ್ರಕಟಿಸುವುದುಂಟು. ದೊಡ್ಡದು ನಿಜ, ಅತ್ಯಂತ ದೊಡ್ಡದು ಎನ್ನುವುದಕ್ಕೆ ಯಾವ ಅಳತೆಯಿಂದ ಎಂದು ಕೇಳಬೇಕಾಗುವುದು. ರೆಕ್ಕೆಯ ಉದ್ದವನ್ನು ಹಿಡಿದರೆ ದಕ್ಷಿಣ ಅಮೆರಿಕದ ಬಿಳಿಯ ಪತಂಗವೊಂದು, ಮರಿಯಾ ಸಿಬಿಲಾ ಮೆರಿಯಾನ್ ಎಂಬ ಚಿತ್ರಕಾರ್ತಿಯು ಸುರಿನಾಮಿಗೆ ಹೋಗಿ ನೋಡಿ 1705ರ ತನ್ನ ಗ್ರಂಥದಲ್ಲಿ ಬಿಡಿಸಿರುವುದು, ಇದನ್ನು ಮೀರಿಸುತ್ತದೆ. ರೆಕ್ಕೆಯ ಹರವನ್ನು ಹಿಡಿದರೆ ಆಸ್ಟ್ರೇಲಿಯ, ನ್ಯೂಗಿನಿಗಳ ಹರ್ಕ್ಯುಲಿಸ್ ಪತಂಗವು ಎದುರು ನಿಲ್ಲುತ್ತದೆ. ಆ ವಾರ್ತೆಗಳಲ್ಲಿ ವಿಶೇಷಣಕ್ಕಿಂತ ಹೆಚ್ಚಾಗಿ ವಿಚಾರಿಸಬೇಕಾದುದು ನಾಮಪದವನ್ನು. ಪತ್ರಿಕೆಗಳು ಕೊಡುವ ಹೆಸರು ‘ಅಟ್ಲಾಸ್’. ನಮ್ಮ ಕರಾವಳಿಯದು ಅಟ್ಲಾಸ್ ಹೌದೆ?

ಈ ಪ್ರಶ್ನೆಗೆ ಉತ್ತರವು ಕುಂದಾಪುರದಿಂದ ದೂರದಲ್ಲಿ, ಸಿಂಹಳದಲ್ಲಿ ಮೊದಲಾಯಿತು. ಕ್ಯಾಂಡಿಯ ಬಳಿಯ ಪೆರಾದೆನಿಯ ಸಸ್ಯೋದ್ಯಾನದ ಮುಖ್ಯಾಧಿಕಾರಿಯಾಗಿದ್ದ ಥ್ವೇಟ್ಸ್ ಎಂಬಾತನು ದ್ವೀಪದ ಚಿಟ್ಟೆ ಪತಂಗಗಳನ್ನೂ ಅವುಗಳ ಹುಳುಗಳನ್ನೂ ಬಣ್ಣದಲ್ಲಿ ಬರೆಯಿಸಿದನು. ಬರೆದವರು ಡಿ ಆಲ್ವಿಸ್ ಮನೆತನದ ವಿಲಿಯಂ, ಜಾರ್ಜ್ ಎಂಬ ಸಹೋದರರು. ಎಲೆಯ ಮೇಲೆ ಹುಳು, ಪಕ್ಕದಲ್ಲಿ ಕೋಶ, ಮೇಲೆ ಪತಂಗ, ಹೀಗೆ ಒಂದು ಜೀವದ ಅವಸ್ಥಾಂತರಗಳು ಒಂದೇ ಹಾಳೆಯಲ್ಲಿ ಮೂಡಿದುವು. ಈ ಚಿತ್ರಗಳ ಆಧಾರದ ಮೇಲೆ ಲಂಡನ್ನಿನ ಫ್ರೆಡರಿಕ್ ಮೂರ್ ಎಂಬುವನು ‘ಸಿಂಹಳದ ಲೆಪಿಡಾಪ್ಟೆರಾ’ ಎಂಬ ಗ್ರಂಥವನ್ನು 1880ರಿಂದ 1887ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದನು. ಮೂರ್ ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿ ಬೆಳೆದವನು. ಕಂಪೆನಿಯು ಇಂಡಿಯದಿಂದ ಸಾಗಿಸಿದ ಮೆಣಸು, ನೀಲಿ, ಅರಿವೆಗಳ ಹಿಂದೆಯೇ ಸೂಜಿಗೆ ಚುಚ್ಚಿದ ಹುಳುಗಳೂ ಹೋಗುತ್ತಿದ್ದುವು. ಅವುಗಳಿಗೆ ಹೆಸರಿಡುವುದೇ ಆತನ ಬಾಳಿನ ಕೆಲಸವಾಯಿತು.

ಸಿಂಹಳದ ಮಹಾಪತಂಗವು ಲಿನ್ನೇಯಸನ ಅಟ್ಲಾಸಿನಿಂದ ಬೇರೆಯೆಂದು ಮೂರನಿಗೆ ತೋರಿತು. 1882ರಲ್ಲಿ ಅದಕ್ಕೆ ‘ಅಟ್ಟಾಕಸ್ ತಪ್ರೋಬಾನಿಸ್’ ಎಂದು ಹೆಸರಿಟ್ಟನು. ತಪ್ರೋಬಾನೆ ಎಂಬುದು ಪ್ರಾಚೀನ ಗ್ರೀಕರು ಸಿಂಹಳದ್ವೀಪಕ್ಕೆ ಕೊಟ್ಟ ಹೆಸರು. ನಮ್ಮವರ ‘ತಾಮ್ರಪರ್ಣಿ’ಯು ಅವರ ನಾಲಗೆಯಲ್ಲಿ ಹಾಗಾಯಿತು. ದ್ವೀಪದ ಹೆಸರನ್ನಿಡುವುದಷ್ಟೇ ಮೂರನ ಉದ್ದೇಶವಾಗಿದ್ದಿರಬೇಕು. ಆದರೆ ತಾಮ್ರಪರ್ಣಿಯೆಂದರೆ ತಾಮ್ರದ ಬಣ್ಣದ ಎಲೆಯುಳ್ಳದ್ದು. ಮಳೆಯಲ್ಲಿ ನೆನೆದ ಕೆಂಪು ತರಗೆಲೆಯಂತೆ ಮರಕ್ಕಂಟಿ ಕುಳಿತಿರುವ ಈ ಪತಂಗವನ್ನು ನೋಡಿದ ಕನ್ನಡಿಗನಿಗೆ, ಗ್ರೀಕರ ಬಾಯಲ್ಲಿ ಕೆಟ್ಟು ಲಂಡನ್ನಿಗೆ ಹೋಗಿ ಬಂದ ಈ ಶಬ್ದವು ಬಹಳ ಚೆನ್ನಾಗಿ ಒಪ್ಪಿತೆಂದು ತೋರದೆ ಇರದು.

ಹೆಸರಿಟ್ಟ ಮಾತ್ರಕ್ಕೆ ಹೆಸರು ನಿಲ್ಲಲಿಲ್ಲ. ಮೂರನು ಸಣ್ಣ ವ್ಯತ್ಯಾಸಗಳಿಗೆಲ್ಲ ಹೊಸ ಹೆಸರು ಕೊಡುವವನೆಂಬ ಅಪಖ್ಯಾತಿಗೆ ಗುರಿಯಾಗಿದ್ದನು. ಆತನ ತಪ್ರೋಬಾನಿಸ್ ಪ್ರತ್ಯೇಕ ಪ್ರಭೇದವಲ್ಲ, ಅಟ್ಲಾಸಿನದೇ ಒಂದು ಪ್ರಾದೇಶಿಕ ರೂಪವೆಂದು ಅನೇಕ ಗ್ರಂಥಕರ್ತರು ಬಹುಕಾಲ ಎಣಿಸಿದರು. ದಕ್ಷಿಣ ಇಂಡಿಯದ ಪತಂಗವೂ ಆ ಎಣಿಕೆಯಲ್ಲಿ ಅಡಗಿಹೋಯಿತು.

ಈ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ನೋಡುವ ಕಣ್ಣುಗಳಿರಲಿಲ್ಲವೆ? ಇದ್ದುವು; ಆದರೆ ಗಡಿಯ ಆಚೆಗೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕುಂದಾಪುರ, ಬೈಂದೂರುಗಳ ಮಾರ್ಗವಾಗಿ ಬಡಗಲಿಗೆ ಹೋದನು. ಸಸ್ಯಶಾಸ್ತ್ರದಲ್ಲಿ ಪರಿಣತನಾದ ವೈದ್ಯನೇ ಆದರೂ ಆತನಿಗೆ ವಹಿಸಿದ್ದ ಕೆಲಸ ಬೇಸಾಯ, ಕೈಗಾರಿಕೆ, ವ್ಯಾಪಾರಗಳ ವಿಚಾರಣೆ. ಆಮೇಲೆ ಅಖಂಡವಾಗಿದ್ದ ಕೆನರಾ ಜಿಲ್ಲೆಯನ್ನು ಎರಡಾಗಿ ಸೀಳಿ, 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಆಧಿಪತ್ಯಕ್ಕೆ ಕೊಟ್ಟರು. ಕುಂದಾಪುರ ತಾಲ್ಲೂಕು ಮಾತ್ರ ಮದರಾಸಿನ ಆಡಳಿತದಲ್ಲಿಯೇ, ದಕ್ಷಿಣ ಕನ್ನಡದೊಂದಿಗೆ ಉಳಿಯಿತು. ಬೈಂದೂರು ಆಗ ಕುಂದಾಪುರದೊಳಗಿತ್ತು; ಬ್ರಹ್ಮಾವರ ಉಡುಪಿಯ ಕಡೆಗಿತ್ತು. ಶಿರೂರನ್ನು ದಾಟಿದರೆ ಭಟ್ಕಳ, ಭಟ್ಕಳವೆಂದರೆ ಮುಂಬಯಿ. ಒಂದೇ ಕಾಡು, ಒಂದೇ ಮಳೆ, ಒಂದೇ ಮಾತು. ಕಾಗದಪತ್ರ ಹೋಗುವ ಊರುಗಳು ಮಾತ್ರ ಬೇರೆ.

ಮುಂಬಯಿಯಲ್ಲಿ 1883ರಲ್ಲಿ ಪ್ರಕೃತಿ ಇತಿಹಾಸದ ಸಂಘವೊಂದು ಸ್ಥಾಪಿತವಾಯಿತು. ಅದರ ಸ್ಥಾಪಕರಲ್ಲಿ ಒಬ್ಬನಾದ, ಸುಂಕ ಮತ್ತು ಉಪ್ಪಿನ ಇಲಾಖೆಯ ಐಟ್‌ಕೆನ್ ಎಂಬುವನು ಕಾರವಾರಕ್ಕೆ ಬಂದನು. ಅಲ್ಲಿಯ ಕಲೆಕ್ಟರು ಡೇವಿಡ್‌ಸನ್, ಅರಣ್ಯ ಇಲಾಖೆಯ ಟಿ. ಆರ್. ಬೆಲ್. ಈ ಮೂವರೂ ಸೇರಿ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳನ್ನು ಕುರಿತು 1896ರಿಂದ ಆ ಸಂಘದ ಪತ್ರಿಕೆಯಲ್ಲಿ ಬರೆದ ಲೇಖನಮಾಲೆಯು ಇಂದಿಗೂ ಪ್ರಮಾಣಗ್ರಂಥದ ಗೌರವಕ್ಕೆ ಪಾತ್ರವಾಗಿದೆ. ಸತ್ತ ಚಿಟ್ಟೆಯನ್ನು ಕೂಡಿಡುವುದರಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. ಹುಳುವನ್ನು ತಂದು, ಅದು ಮೇಯುವ ಸೊಪ್ಪನ್ನೇ ಹಾಕಿ, ಸಾಕಿ, ಕೋಶವೊಡೆದು ಹೊರಬರುವವರೆಗೆ ಕಾದು ಬರೆದರು. ಬೆಲ್ ನಿವೃತ್ತಿಯ ಅನಂತರವೂ ಕಾರವಾರವನ್ನು ಬಿಡಲಿಲ್ಲ. ಸ್ಫಿಂಕ್ಸ್ ಪತಂಗಗಳ ಮೇಲೆ ಮೇಜರ್ ಸ್ಕಾಟನೊಡನೆ ಆತನು ಬರೆದ ಸಂಪುಟವು 1937ರಲ್ಲಿ ಹೊರಬಂದಿತು. 1948ರಲ್ಲಿ ಕಾರವಾರದಲ್ಲಿಯೇ ಆತನು ತೀರಿಕೊಂಡನು.

ಆ ಲೇಖನಮಾಲೆಯ ಶೀರ್ಷಿಕೆಯನ್ನು ಗಮನಿಸಬೇಕು: ‘ಮುಂಬಯಿ ಆಧಿಪತ್ಯದ ಉತ್ತರ ಕೆನರಾ ಜಿಲ್ಲೆಯ ಚಿಟ್ಟೆಗಳು’. ಕಲೆಕ್ಟರನ ಅಧಿಕಾರ ಎಲ್ಲಿಗೆ ಮುಗಿಯುವುದೋ ಚಿಟ್ಟೆಗಳ ಪಟ್ಟಿಯೂ ಅಲ್ಲಿಗೇ ಮುಗಿಯಿತು. ಭಟ್ಕಳದ ಕಾಡಿನಲ್ಲಿ ಹಾರುವುದು ಪಟ್ಟಿಯೊಳಗೆ. ಅದೇ ಚಿಟ್ಟೆ ಗಾಳಿ ಹೊಡೆದು ಬೈಂದೂರಿಗೆ ಬಂದರೆ ಪಟ್ಟಿಯ ಹೊರಗೆ. ಆ ಮೂವರನ್ನು ನಾವು ದೂರುವುದಿಲ್ಲ. ಅವರು ಮಾಡಿದುದರಲ್ಲಿ ಕಾಲುಪಾಲನ್ನಾದರೂ ಗಡಿಯ ಈಚೆಗೆ ಮಾಡಿದವರಿದ್ದಿದ್ದರೆ ಎಂದು ಅನಿಸುವುದಷ್ಟೆ. 1956ರಲ್ಲಿ ಎರಡು ಕನ್ನಡ ಜಿಲ್ಲೆಗಳೂ ಒಂದೇ ರಾಜ್ಯಕ್ಕೆ ಸೇರಿದುವು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು. ಬೈಂದೂರು, ಬ್ರಹ್ಮಾವರಗಳು ಈಚೆಗೆ ಪ್ರತ್ಯೇಕ ತಾಲ್ಲೂಕುಗಳಾದುವು. ಗಡಿಗಳು ಬದಲಾಗಿವೆ, ಹಳೆಯ ಪಟ್ಟಿಗಳು ಮುಗಿದ ಜಾಗದಲ್ಲಿಯೇ ಮುಗಿದಿವೆ.

ತಪ್ರೋಬಾನಿಸ್ ಎಂಬ ಹೆಸರಿಗೆ ಮರುಜೀವ ಬಂದುದು 1989ರಲ್ಲಿ. ಅಮೆರಿಕದ ರಿಚರ್ಡ್ ಪೀಗ್ಲರ್ ಎಂಬ ವಿದ್ವಾಂಸನು ಅಟ್ಟಾಕಸ್ ಗುಂಪನ್ನೆಲ್ಲ ಮತ್ತೆ ಪರಿಶೀಲಿಸಿ ಒಂದು ಗ್ರಂಥವನ್ನು ಪ್ರಕಟಿಸಿದನು. ಅಟ್ಲಾಸ್ ಹಿಮಾಲಯದ ತಪ್ಪಲಿನಿಂದ ಚೀಣ, ಮಲಯ, ಇಂಡೋನೇಷ್ಯಗಳ ಕಡೆಗೆ ಹಬ್ಬಿದ ಪ್ರಭೇದ. ಸಿಂಹಳ ಮತ್ತು ದಕ್ಷಿಣ ಇಂಡಿಯದ ಪತಂಗವು ಅದರಿಂದ ಬೇರೆ. ಮೂರನು ಇಟ್ಟ ಹೆಸರೇ ಅದಕ್ಕೆ ಸಲ್ಲತಕ್ಕದ್ದು ಎಂಬುದು ಆತನ ನಿರ್ಣಯ. ನೂರೇಳು ವರ್ಷಗಳ ಮೇಲೆ ಮೂರನ ಮಾತು ಗೆದ್ದಿತು. ಇಂಥ ನಿರ್ಣಯಗಳನ್ನು ಬಣ್ಣ ನೋಡಿ ಮಾಡುವಂತಿಲ್ಲ. ಒಂದೇ ತಾಯಿಯ ಮಕ್ಕಳಲ್ಲಿಯೂ ಬಣ್ಣವು ಋತುವಿನಿಂದ, ತಿಂದ ಸೊಪ್ಪಿನಿಂದ ಹೆಚ್ಚು ಕಡಮೆಯಾಗುವುದು. ಹೊಟ್ಟೆಯ ತುದಿಯಲ್ಲಿರುವ ಜನನಾಂಗಗಳ ಗಟ್ಟಿ ಭಾಗಗಳನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಪತಂಗಶಾಸ್ತ್ರದ ರೂಢಿ. 2003ರಿಂದ ಈಚೆಗೆ ಜೀವಕೋಶದ ಡಿ.ಎನ್.ಎ.ಯ ಒಂದು ನಿಶ್ಚಿತ ತುಣುಕನ್ನು ಓದಿ ಹೋಲಿಸುವ ವಿಧಾನವೂ ಬಳಕೆಗೆ ಬಂದಿದೆ.

ಹೆಸರು ಯಾವುದಾದರೇನು, ಹುಳು ಅದೇ ಅಲ್ಲವೆ ಎಂದು ಕೇಳಬಹುದು. ನಮ್ಮ ಕರಾವಳಿಯದು ಅಟ್ಲಾಸ್ ಎಂದಾದರೆ, ಕೊಲ್ಲೂರಿನ ಕಾಡಿನಲ್ಲಿ ಅದು ಇಲ್ಲವಾದರೂ ಅಸ್ಸಾಮಿನಲ್ಲಿದೆ, ಜಾವಾದಲ್ಲಿದೆ ಎಂದು ಸಮಾಧಾನ ಹೇಳಿಕೊಳ್ಳಲು ಎಡೆಯುಂಟು. ತಪ್ರೋಬಾನಿಸ್ ಎಂದಾದರೆ ಆ ಸಮಾಧಾನವಿಲ್ಲ. ಆಗ ಅದರ ಪ್ರಪಂಚವೆಂದರೆ ದಕ್ಷಿಣ ಇಂಡಿಯದ ಕಾಡುಗಳು ಮತ್ತು ಕಡಲಾಚೆಯ ಒಂದು ದ್ವೀಪ. 1974ರಲ್ಲಿ ಮೂಕಾಂಬಿಕಾ ಅಭಯಾರಣ್ಯವೆಂದು ಗೊತ್ತುಮಾಡಿದ ಕಾಡಿನ ಒಂದೊಂದು ಮರವೂ ಆಗ ಲೆಕ್ಕಕ್ಕೆ ಬರುವುದು. ಹಿತ್ತಿಲ ಪೇರಳೆ, ನಿಂಬೆ, ದಾಲ್ಚಿನ್ನಿಯ ಗಿಡಗಳೂ ಬರುವುವು, ಏಕೆಂದರೆ ಈ ಜಾತಿಯ ಹುಳುಗಳು ಇಂಥ ಹಲವು ಸೊಪ್ಪುಗಳನ್ನು ತಿನ್ನುತ್ತವೆ. ಬಿಳಿಯ ಹಿಟ್ಟು ಬಳಿದಂತಿರುವ ದಪ್ಪನೆಯ ಹಸುರು ಹುಳುವನ್ನು ಕಂಡೊಡನೆ ಹೊಡೆದುಹಾಕುವ ಗೃಹಸ್ಥನಿಗೆ, ತಾನು ಹೊಡೆದುದು ಯಾವುದನ್ನು ಎಂಬುದನ್ನು ತಿಳಿಸುವುದು ಆ ಎರಡು ಪದಗಳ ಹೆಸರೇ.

ಹೆಸರನ್ನು ಬರೆಯುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಶಾಸ್ತ್ರಗ್ರಂಥಗಳಲ್ಲಿ ಅಟ್ಟಾಕಸ್ ಅಟ್ಲಾಸಿನ ಮುಂದೆ ಲಿನ್ನೇಯಸನ ಹೆಸರೂ 1758 ಎಂಬ ಇಸವಿಯೂ ಕಂಸದೊಳಗೆ ಇರುವುವು. ಅಟ್ಟಾಕಸ್ ತಪ್ರೋಬಾನಿಸಿನ ಮುಂದೆ ಮೂರ್, 1882 ಎಂದು ಕಂಸವಿಲ್ಲದೆ ಇರುವುದು. ಮುದ್ರಣದ ಅಜಾಗರೂಕತೆಯೆಂದು ಯಾರೂ ತಿದ್ದಬಾರದು. ಲಿನ್ನೇಯಸನು ಆ ಪತಂಗವನ್ನು ಮೊದಲು ಇಟ್ಟುದು ಫಲೀನಾ ಎಂಬ ಪೆಟ್ಟಿಗೆಯಲ್ಲಿ. ಈಗ ಅದು ಇರುವುದು ಬೇರೆ ಜಾತಿಯಲ್ಲಿ. ಮನೆ ಬದಲಾಗಿದೆಯೆಂಬುದಕ್ಕೆ ಕಂಸವು ಗುರುತು. ಮೂರನದು ಇಟ್ಟ ಮನೆಯಲ್ಲಿಯೇ ಇದೆ.

ಕನ್ನಡದಲ್ಲಿ ಇದನ್ನೆಲ್ಲ ಹೇಳುವುದಕ್ಕೆ ಪದಗಳನ್ನು ಹುಡುಕಿ ಕೊಟ್ಟವರನ್ನೂ ನೆನೆಯಬೇಕು. 1918ರಲ್ಲಿ ಬೆಂಗಳೂರಿನಿಂದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಈಗಿನ ಬ್ರಹ್ಮಾವರ ತಾಲ್ಲೂಕಿನ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ವನ್ನೂ 1959ರಲ್ಲಿ ‘ವಿಜ್ಞಾನ ಪ್ರಪಂಚ’ವನ್ನೂ ಏಕಾಂಗಿಯಾಗಿ ಬರೆದರು. ಕಾದಂಬರಿಕಾರರೆಂದು ಅವರನ್ನು ಹೊಗಳುವವರು ಈ ಸಂಪುಟಗಳ ಧೂಳನ್ನೂ ಆಗಾಗ್ಗೆ ಒರಸಿದರೆ ಒಳ್ಳೆಯದು. ಜಾತಿ, ಪ್ರಭೇದ, ಕುಟುಂಬ, ವರ್ಗೀಕರಣ ಎಂದು ನಾವು ಇಷ್ಟು ಹೊತ್ತು ಸರಾಗವಾಗಿ ಆಡಿದ ಮಾತುಗಳು ಇಂಥವರ ದುಡಿಮೆಯಿಂದ ನಾಲಗೆಗೆ ಹೊಂದಿಕೊಂಡುವು. ಆದರೆ ಈ ಪತಂಗಕ್ಕೆ ಪತ್ರಿಕೆಗಳಲ್ಲಿ ನಡೆಯುತ್ತಿರುವ ಹೆಸರು ಗ್ರೀಕರ ದೈತ್ಯನದೇ. ‘ತಾಮ್ರಪತಂಗ’ವೆಂದು ಕರೆದರೆ ತಪ್ಪಾಗದೆಂದು ನಮಗೆ ತೋರುತ್ತದೆ.

ವಸ್ತುಸಂಗ್ರಹಾಲಯದಲ್ಲಿ ಸೂಜಿಗೆ ಚುಚ್ಚಿದ ಹುಳುವಿನ ಕೆಳಗೆ ಒಂದು ಸಣ್ಣ ಚೀಟಿಯಿರುವುದು: ಸ್ಥಳ, ತೇದಿ, ಹಿಡಿದವರ ಹೆಸರು. ಚೀಟಿಯಿಲ್ಲದ ಹುಳು ಎಷ್ಟು ಸುಂದರವಾಗಿದ್ದರೂ ಶಾಸ್ತ್ರಕ್ಕೆ ಕೆಲಸಕ್ಕೆ ಬಾರದು. ಹಳೆಯ ಚೀಟಿಗಳಲ್ಲಿ ‘ದಕ್ಷಿಣ ಇಂಡಿಯ’ ಎಂದಷ್ಟೇ ಇರುವುದುಂಟು. ಅದರಿಂದ ಕಾಡು ಯಾವುದು, ಘಟ್ಟದ ಮೇಲೋ ಕೆಳಗೋ, ತಿಳಿಯದು. ಈಗ ಹುಳುವನ್ನು ಕೊಲ್ಲಬೇಕಾಗಿಲ್ಲ. ಎಲ್ಲರ ಕೈಯಲ್ಲಿಯೂ ಛಾಯಾಚಿತ್ರದ ಯಂತ್ರವಿದೆ, ಚಿತ್ರವನ್ನು ಕಳುಹಿಸಿದರೆ ನೋಡಿ ಹೇಳುವ ಪತಂಗಪ್ರಿಯರೂ ಇದ್ದಾರೆ. ಆಷಾಢದ ಮಳೆಯಲ್ಲಿ ಮನೆಯ ಜಗಲಿಗೆ ಇದು ಬಂದು ಕುಳಿತರೆ ಮೇಲಿನಿಂದೊಂದು, ರೆಕ್ಕೆಯ ಅಡಿ ಕಾಣುವಂತೆ ಒಂದು, ಮೀಸೆ ಸ್ಪಷ್ಟವಾಗುವಂತೆ ಇನ್ನೊಂದು ಚಿತ್ರ ತೆಗೆದು, ಜಗಲಿಯ ದೀಪವನ್ನು ಆರಿಸಿ, ಬರೆದಿಡುವಾಗ ‘ಕರಾವಳಿ’ ಎಂದಾಗಲಿ ‘ಕರ್ನಾಟಕ’ ಎಂದಾಗಲಿ ಬರೆಯದೆ ಶಿರೂರು, ಹಾಲಾಡಿ, ಬಾರಕೂರು ಎಂದು ಊರಿನ ಹೆಸರನ್ನೇ ಬರೆಯಬೇಕು.